ಮಗಳ ನೆತ್ತಿಯ ವಾಸನೆ

ಮಕ್ಕಳು ದೊಡ್ಡವರಾಗುವುದು ಕಣ್ಣಿಗೆ ಕಾಣುತ್ತದೆ ಎಂದೇ ನಂಬಿದ್ದೆ. ಫ್ರಾಕು ಗಿಡ್ಡವಾಗುತ್ತದೆ, ಚಪ್ಪಲಿ ಬಿಗಿಯಾಗುತ್ತದೆ. ನಮ್ಮ ಮನೆಯಲ್ಲಿ ಮಾತ್ರ ಆ ಸುದ್ದಿ ಮೂಗಿನ ದಾರಿಯಲ್ಲಿ ಬಂತು. ತಮಿಳುನಾಡಿನ ಕಂಬಂನಲ್ಲಿ ದ್ರಾಕ್ಷಿ ವ್ಯಾಪಾರ ಮಾಡುವ ನನಗೆ, ಪೆಟ್ಟಿಗೆ ಬಿಚ್ಚದೆಯೇ ಕೊಳೆತ ಹಣ್ಣನ್ನು ಪತ್ತೆಹಚ್ಚುತ್ತೇನೆಂಬ ಜಂಬವಿದೆ. ಸಂಜೆ ಮನೆಗೆ ಬಂದೊಡನೆ ಮಗಳು ಮಲರ್‌ಳನ್ನು ಹಿಡಿದು ನೆತ್ತಿ ಮೂಸುವುದು ನನ್ನ ಚಟ. ಹಾಲು, ಬಿಸಿಲು, ಪೌಡರು ಬೆರೆತ ಆ ವಾಸನೆ ಸಿಕ್ಕರೆ ಕಾಫಿ ಆರಿಹೋಗಿದ್ದರೂ ನಾನು ಜಗಳ ತೆಗೆಯುವವನಲ್ಲ.

ಅವಳಿಗೆ ಎಂಟು ತುಂಬಿದ ಮೇಲೆ ಒಂದು ಸಂಜೆ ಹಾಗೆಯೇ ಹಿಡಿದುಕೊಂಡೆ. ಕೊಳೆತ ಈರುಳ್ಳಿ! ಅಡುಗೆಮನೆಗೆ ನುಗ್ಗಿ ಬುಟ್ಟಿಯನ್ನು ಅಂಗಳಕ್ಕೆ ಸುರಿದು ಒಂದೊಂದನ್ನೇ ಮೂಸತೊಡಗಿದೆ.

"ಅಲ್ಲೇನು ತೇಡ್ತೀರಿ?" ಎಂದಳು ಹೆಂಡತಿ, ನನ್ನ ಹುಡುಕಾಟ ನೋಡಿ. "ನಿಮ್ ಮಗಳ ಕಂಕುಳು ಅದು."

ಜಗಲಿಯಿಂದ ಅಮ್ಮ ಕೂಗಿದಳು: "ಅಯ್ಯೋ ಸಾಮಿ, ಇಷ್ಟು ಬೇಗ ದೊಡ್ಡವಳಾಗ್ಬುಟ್ಟಾಳಾ? ಮಾವನ್ಗೆ ಸೊಲ್ಲಿ ಕಳ್ಸು, ಸೀರೆ ತರ್ಲಿ."

ಮೈನೆರೆದವಳಿಗೆ ಸೋದರಮಾವ ಸೀರೆ ತರುವ ಸಂಭ್ರಮ ಅಮ್ಮನಿಗೆ, ನನಗೆ ದಿಗಿಲು. ಮರುದಿನವೇ ಮಗಳೊಂದಿಗೆ ತೇನಿಯ ಬಸ್ಸು ಹತ್ತಿದೆ.

ಮಕ್ಕಳ ಡಾಕ್ಟರಮ್ಮ ಅವಳನ್ನು ಚೆನ್ನಾಗಿ ಪರೀಕ್ಷಿಸಿ, ಎತ್ತರ ಅಳೆದು ನಕ್ಕರು. ಮೂತ್ರಪಿಂಡಗಳ ಮೇಲೆ ಅಡ್ರಿನಲ್ ಎಂಬ ಎರಡು ಪುಟ್ಟ ಗ್ರಂಥಿಗಳಿವೆಯಂತೆ. ಈ ವಯಸ್ಸಿನಲ್ಲಿ ಅವು ಹೊಸದೊಂದು ಹಾರ್ಮೋನನ್ನು ಮೆಲ್ಲಗೆ ಸುರಿಸತೊಡಗುತ್ತವೆ. ಬೆವರಿಗೆ ವಾಸನೆ ಬರುತ್ತದೆ, ಮುಖದಲ್ಲಿ ಒಂದೆರಡು ಮೊಡವೆಯೂ ಏಳಬಹುದು. "ಮೈನೆರೆಯೋದು ಬೇರೆ ಸಂಗತಿ. ಅದರ ಗುರುತು ಯಾವುದೂ ಇಲ್ಲ. ಹೆದರಬೇಡಿ," ಎಂದು ತಮಿಳಿನಲ್ಲಿ ಧೈರ್ಯ ಹೇಳಿದರು.

"ಸ್ವಲ್ಪ ದಿನ ತಡೆಯೋಕೆ ಮಾತ್ರೆ ಇದೆಯಾ?" ಎಂದೆ.

"ಯಾರಿಗೆ? ನಿಮಗಾ?"

ಹಿಂದಿರುಗುವಾಗ ಮಲರ್ ಕಿಟಕಿಯ ಪಕ್ಕ ಕೂತು ದ್ರಾಕ್ಷಿ ಚಪ್ಪರಗಳನ್ನು ನೋಡುತ್ತಿದ್ದಳು. ಪಕ್ಕದಲ್ಲೇ ಇದ್ದವಳಿಗಾಗಿ ನನ್ನ ಜೀವ ಹಂಬಲಿಸಿತು. ಎದೆಯ ಮೇಲೆ ಮಲಗಿ ಜೊಲ್ಲು ಸುರಿಸುತ್ತಿದ್ದ ಆ ಕೂಸು ಯಾವ ಊರಲ್ಲಿ ಇಳಿದುಹೋಯಿತೋ! ಕಂಬಂನಲ್ಲಿ ಇಳಿದ ಕೂಡಲೇ ಅವಳು ತನಗೇ ಬೇರೆ ಸೋಪು ಬೇಕೆಂದಳು. ಕೊಡಿಸಿದೆ.

ಮನೆ ಸೇರಿ ಬಚ್ಚಲಿಗೆ ಹೋದವಳು ಮೊದಲ ಸಲ ಒಳಗಿನಿಂದ ಅಗಳಿ ಹಾಕಿಕೊಂಡಳು. ಟವೆಲು ಹಿಡಿದು ನಾನು ಹೊರಗೇ ನಿಂತೆ. ನೀರಿನ ಸದ್ದು ನಿಂತಿತು.

"ಅಪ್ಪಾ, ಅಲ್ಲೇ ನಿಂತೈದೀಯಾ?"

"ಇಲ್ಲ, ನನ್ ಕಣ್ಣು," ಎಂದೆ, ಅಲ್ಲೇ ನಿಂತು.