ಅರವತ್ತು ಮರಿಗಳ ಗೃಹಪ್ರವೇಶ

ಹನುಮಮ್ಮ ಒದ್ದೆಯಾದ ಭತ್ತದ ಹೊಟ್ಟನ್ನು ಬಾಚಿ ಬುಟ್ಟಿಗೆ ತುಂಬುತ್ತಿದ್ದಳು. ಕಾವಿನ ಬಲ್ಬಿನ ಕೆಳಗೆ ಅರವತ್ತು ಕೋಳಿಮರಿಗಳು, ಊಟಕ್ಕೆ ತಡವಾದ ಬೀಗರ ಹಾಗೆ, ಒಂದನ್ನೊಂದು ನೂಕಿ ಕೂಗಾಡುತ್ತಿದ್ದವು. ಐದು ವಾರ ತುಂಬಿ ಮೈಗೆ ಪುಕ್ಕ ಬಂದಿತ್ತು. ಇನ್ನು ಅವಕ್ಕೆ ಬಯಲು ಬೇಕು. ಒಂದು ವಾರದಿಂದ ಅವಳು ಬಲ್ಬನ್ನು ದಿನಕ್ಕೆ ನಾಲ್ಕು ಬೆರಳು ಮೇಲಕ್ಕೆ ಕಟ್ಟುತ್ತ, ಹಗಲು ಆರಿಸುತ್ತ, ಮರಿಗಳಿಗೆ ಚಳಿಯ ಪಾಠ ಹೇಳಿದ್ದಳು. ಇವತ್ತು ಬಿಸಿಲೇರಿದ ಮೇಲೆ ಹತ್ತು ಹತ್ತಾಗಿ ಹೊರಗೆ ಬಿಡಬೇಕೆಂದಿದ್ದಳು.

ಅಷ್ಟರಲ್ಲಿ ಬಾಗಿಲಿಗೆ ಕಾರ್ಯದರ್ಶಿ ಸಂಗಮನಾಥ ಬಂದು ನಿಂತರು. ಸುರಪುರದ ಹೊರಗಿನ ಆ ಸಹಕಾರ ಸಂಘದ ಕೋಳಿಮನೆಗೆ ಅವರೇ ಯಜಮಾನರು. ಹುಟ್ಟಿದಾಗಿನಿಂದ ತತ್ತಿ ಮುಟ್ಟಿದವರಲ್ಲ. ಒಂದು ಕೈಯ ಕರವಸ್ತ್ರ ಮೂಗಿನ ಮೇಲೆ, ಇನ್ನೊಂದು ಕೈಯಲ್ಲಿ ಪಂಚಾಂಗ.

“ಹನುಮಮ್ಮ, ಜಲ್ದಿ ಮಾಡು. ನಾಳಿ ಎಳ್ಳ ಅಮಾಸಿ. ಅಮಾಸಿಗೆ ಮನಿ ಬದಲಿ ಮಾಡಬಾರ್ದು. ಇವತ್ತ ಏಳು ಹತ್ತಕ್ಕ ಚಲೋ ಘಳಿಗಿ ಅದ. ಅಯ್ಯನೋರು ಪೂಜಿಗೆ ಬರಾಕತ್ತಾರ.”

“ಕೋಳಿಗೆ ಯಾವ ಘಳಿಗಿರಿ ಸಾಹೇಬ್ರ? ಹೊರಗ ಮಂಜು ಬಿದ್ದದ. ಅವಕ್ಕ ಬಿಸಿಲು ಬೇಕ್ರಿ.”

“ನಿನಗ ಕಾಯಂ ಆಗೂದು ಬೇಕೋ ಬ್ಯಾಡೋ?”

ಹನುಮಮ್ಮ ಬುಟ್ಟಿ ಬದಿಗಿಟ್ಟಳು. ಒಂಬತ್ತು ವರ್ಷದಿಂದ ಅವಳು ದಿನಗೂಲಿ. ಅವಳನ್ನು ಕಾಯಂ ಮಾಡಿರೆಂದು ಯಾದಗಿರಿಯ ದೊಡ್ಡ ಕಚೇರಿಗೆ ಬರೆದ ಪತ್ರ ಹದಿನಾಲ್ಕು ತಿಂಗಳಿಂದ ಸಾಹೇಬರ ಮೇಜಿನ ಗಾಜಿನ ಕೆಳಗೆ ಮಲಗಿತ್ತು. ಮೊದಲು ಪತ್ರಕ್ಕೆ ಒತ್ತುವ ಸಂಘದ ಸಿಕ್ಕಾ ಕಳೆದಿತ್ತು. ಸಿಕ್ಕಾ ಸಿಕ್ಕಾಗ ದಸರೆ ಬಂತು. ದಸರೆ ಹೋದಾಗ ಎರಡು ಮರಿ ಸತ್ತವು. “ಈ ಸಲ ಅರವತ್ತೂ ಜೀವಂತ ಹೊರಗ ಹೋಗ್ಲಿ. ಅವತ್ತ ಸಂಜಿಗೇ ಸಹಿ, ಅವತ್ತ ಸಂಜಿಗೇ ಟಪಾಲು” ಎಂದು ಸಾಹೇಬರು ಮಾತು ಕೊಟ್ಟಿದ್ದರು.

ತಂತಿಬೇಲಿಯ ಬಾಗಿಲಿಗೆ ಮಾವಿನ ತೋರಣ ಏರಿತು. ಕಾವಲುಗಾರ ಯಾಕೂಬಸಾಬ ಬೀಡಿ ಕಿವಿಗೆ ಸಿಕ್ಕಿಸಿಕೊಂಡು ನೋಡಿದ.

“ಅಕ್ಕಾ, ನಾ ಮನಿ ಕಟ್ಟಿದಾಗ ನಮ್ಮ ಮಾಮಾನೂ ಬಂದಿದ್ದಿಲ್ಲ. ಈ ಕೋಳಿ ನಸೀಬ ನೋಡು!”

ಅಯ್ಯನವರು ತಟ್ಟೆ ಹಿಡಿದು ಕಾವಿನ ಕೋಣೆಗೇ ಬಂದರು. ಒಂದೊಂದು ಮರಿಯ ತಲೆಗೂ ಕುಂಕುಮ ಇಡತೊಡಗಿದರು.

“ಕುಂಕುಮ ಬ್ಯಾಡ್ರಿ!” ಹನುಮಮ್ಮ ಅಡ್ಡ ಬಂದಳು. “ಕೆಂಪು ಕಂಡ್ರ ರಕ್ತ ಅಂತ ತಿಳದು ಕುಕ್ಕತಾವ್ರಿ.”

“ಕುಂಕುಮ ಇಲ್ದ ಗೃಹಪ್ರವೇಶ ಯಾರ ಮನ್ಯಾಗ ನಡಿತದ?” ಸಾಹೇಬರು ಕರವಸ್ತ್ರದೊಳಗಿಂದಲೇ ಗದರಿದರು.

ಟೈಪು ಮಾಡುವ ದಾನೇಶ್ವರಿ ಮೊಬೈಲು ಎತ್ತಿದಳು. “ಸಾಹೇಬ್ರ, ಒಂದ ಮರಿ ಕೈಯಾಗ ತಗೋರಿ. ಸ್ಟೇಟಸ್‌ಗೆ ಹಾಕ್ತೀನಿ.”

ಸಾಹೇಬರು ಕಾದ ಹಂಚು ಹಿಡಿದವರಂತೆ ಮರಿ ಹಿಡಿದರು. ಮರಿ ಅವರ ಇಸ್ತ್ರಿ ಅಂಗಿಯ ಮೇಲೆ ತನ್ನ ಸಹಿ ಹಾಕಿತು. “ನೋಡ್ರಿ, ಇದು ತಡಾನ ಮಾಡ್ಲಿಲ್ಲ” ಎಂದ ಯಾಕೂಬಸಾಬ.

ಏಳು ಹತ್ತಕ್ಕೆ ಅರವತ್ತೂ ಮರಿ ಮಂಜಿನಲ್ಲಿದ್ದವು. ಆಗಲೇ ಬೇಲಿಯ ಕಲ್ಲಿಗೆ ಟಪಾರೆಂದು ತೆಂಗಿನಕಾಯಿ ಒಡೆಯಿತು. ಮರಿಗಳು ಹೆದರಿ, ಸಂತೆಗೆ ಹೊರಟ ಕೊನೆಯ ಬಸ್ಸಿಗೆ ಮುಗಿಬಿದ್ದ ಮಂದಿಯಂತೆ, ಒಂದೇ ಮೂಲೆಯಲ್ಲಿ ರಾಶಿ ಬಿದ್ದವು. ಕೆಳಗಿನವಕ್ಕೆ ಉಸಿರಿಲ್ಲ. ಹನುಮಮ್ಮ ಮಂಡಿಯೂರಿ ರಾಶಿಯೊಳಗೆ ಮೊಳಕೈವರೆಗೆ ಕೈ ಹಾಕಿ, ತಳದವನ್ನು ಎಳೆದೆಳೆದು ಒಣ ಗೋಣಿಯ ಮೇಲೆ ಹರಡಿದಳು. ಎರಡು ಮರಿ ಕಣ್ಣು ಮುಚ್ಚಿದ್ದವು. ಅವನ್ನು ಕುಪ್ಪಸದೊಳಗೆ ಇಟ್ಟುಕೊಂಡು ತನ್ನ ಕಾವು ಕೊಟ್ಟಳು. ಸ್ವಲ್ಪ ಹೊತ್ತಿಗೆ ಅವು ಒಳಗಿಂದಲೇ ಚಿಂವ್ ಎಂದವು.

“ಮಂತ್ರದ ಶಕ್ತಿ!” ಎಂದರು ಸಾಹೇಬರು.

ಎಂಟೂವರೆಗೆ ಮಂಜು ಹರಿದು ಬಿಸಿಲು ಬಂತು. ಬಿಸಿಲಿಗೆ ಕುಂಕುಮ ಹೊಳೆಯಿತು. ಒಂದು ಮರಿ ಇನ್ನೊಂದರ ತಲೆ ನೋಡಿತು, ಕುಕ್ಕಿತು. ಕುಕ್ಕಿಸಿಕೊಂಡದ್ದು ಮೂರನೆಯದರ ಮೇಲೆ ಸಿಟ್ಟು ತೀರಿಸಿತು. ನೋಡನೋಡುತ್ತ ಆಸ್ತಿ ಪಾಲಿಗೆ ಕೂತ ಅಣ್ಣತಮ್ಮಂದಿರ ಜಗಳ ಎದ್ದಿತು. ಹನುಮಮ್ಮ ಸೆರಗು ನೀರಿಗದ್ದಿ ಒಂದೊಂದನ್ನೇ ಹಿಡಿದು ತಲೆ ಒರೆಸತೊಡಗಿದಳು.

“ಏ, ಕುಂಕುಮ ಅಳಸಬಾರ್ದು, ಅಪಶಕುನ!” ಎಂದು ಅಯ್ಯನವರು ಕೂಗಿದರು.

“ನನ್ನ ಹಣಿ ಕುಂಕುಮ ಅಳಸುವಾಗ ಯಾರೂ ಬ್ಯಾಡ ಅನ್ಲಿಲ್ರಿ ಅಯ್ಯನೋರ. ಇವು ಸಾಯಬಾರ್ದಂತ ಅಳಸಾಕತ್ತೇನಿ. ಸುಮ್ಮನಿರ್ರಿ.”

ಅಯ್ಯನವರು ದಕ್ಷಿಣೆ ಎತ್ತಿಕೊಂಡು ಹೊರಟರು.

ಅರವತ್ತು ತಲೆ ಒರೆಸುವಷ್ಟರಲ್ಲಿ ಹನ್ನೊಂದಾಯಿತು. ಗಾಯವಾದ ಮೂರಕ್ಕೆ ಅರಿಶಿನ ಹಚ್ಚಿ ಬೇರೆ ಬುಟ್ಟಿಯಲ್ಲಿಟ್ಟಳು. ಮಧ್ಯಾಹ್ನ ಆಕಾಶದಲ್ಲಿ ಹದ್ದು ಸುತ್ತಿತು. ಅವಳು ರೊಟ್ಟಿ ಬಿಟ್ಟು ಕೋಲು ಹಿಡಿದು ಬಯಲಲ್ಲೇ ನಿಂತಳು. ನಾಲ್ಕು ಗಂಟೆಗೆ ಎಣಿಸಿದರೆ ಐವತ್ತೊಂಬತ್ತು! ನೀರಿನ ತೊಟ್ಟಿ, ಕಟ್ಟಿಗೆ ಸಂದಿ, ಎಲ್ಲ ಹುಡುಕಿದರು. ಕೊನೆಗೆ ಯಾಕೂಬಸಾಬ ಕೂಗಿದ, “ಅಕ್ಕಾ, ನಿನ್ನ ಕಳ್ಳ ಇಲ್ಲಿ ಅದಾನ!” ಅರವತ್ತನೆಯ ಮರಿ ಅಯ್ಯನವರು ಬಿಟ್ಟುಹೋದ ಪೂಜೆಯ ಬುಟ್ಟಿಯಲ್ಲಿ ಕೂತು ತೆಂಗಿನ ಹೋಳು ಕುಕ್ಕುತ್ತಿತ್ತು.

ಸಾಹೇಬರೂ ಬಂದು ಎಣಿಸಿದರು. ಅರವತ್ತು. ಒಂದೂ ಸತ್ತಿರಲಿಲ್ಲ. ಅವರು ಖುಷಿಯಿಂದಲೇ ಕಚೇರಿಗೆ ಹೋಗಿ, ಗಾಜಿನ ಕೆಳಗಿನ ಹಳೆಯ ಪತ್ರ ಎಳೆದು ಹರಿದರು.

“ದಾನೇಶ್ವರಿ, ಹೊಸಾದು ಹೊಡಿ. ವಿಷಯ: ಹನುಮಮ್ಮ ಅವರ ಕಾಯಮಾತಿ ಕುರಿತು. ಸದರಿ ಹನುಮಮ್ಮ ಅವರನ್ನು ಕಾಯಂ ಮಾಡುವ ವಿಷಯ ಪರಿಶೀಲಿಸಲಾಗಿ, ಶುಭ ಮುಹೂರ್ತದಲ್ಲಿ ಪೂಜೆ ನೆರವೇರಿಸಿ ಮರಿಗಳನ್ನು ಹೊರಗೆ ಬಿಟ್ಟಿದ್ದರಿಂದ ಒಂದೂ ಸತ್ತಿರುವುದಿಲ್ಲ. ಆದಕಾರಣ ಮರಿಗಳನ್ನು ನೋಡಿಕೊಳ್ಳಲು ಪ್ರತ್ಯೇಕ ಆಳು ಬೇಕಾಗಿಲ್ಲ. ಹನುಮಮ್ಮ ಅವರನ್ನು ತಿಂಗಳ ಕೊನೆಗೆ ಕೆಲಸದಿಂದ ಬಿಡುಗಡೆ ಮಾಡಿ, ಮರಿಗಳ ಪ್ರತಿ ತಂಡಕ್ಕೂ ಒಂದು ಪೂಜೆ ಮಂಜೂರು ಮಾಡಬೇಕಾಗಿ ವಿನಂತಿ.”

ದಾನೇಶ್ವರಿಯ ಬೆರಳು ನಿಂತವು. “ಸಾಹೇಬ್ರ, ಪಾಪ, ಆಕಿ...”

“ನನಗೂ ಕೆಟ್ಟ ಅನಸ್ತದವಾ. ನಾಕು ಮರಿ ಸತ್ತಿದ್ರ ‘ಅನುಭವ ಇದ್ದವರು ಬೇಕು’ ಅಂತ ಬರಿಬಹುದಿತ್ತು.”

ಗಾಜಿನ ಕೆಳಗೆ ಇನ್ನೊಂದು ಪತ್ರ ಕಾಣುತ್ತಿತ್ತು. ಅದು ದಾನೇಶ್ವರಿಯನ್ನು ಕಾಯಂ ಮಾಡಿರೆಂದು ಬರೆದದ್ದು. ಅವಳು ಮುಂದೆ ಟೈಪು ಮಾಡಿದಳು.

ಸಾಹೇಬರು ಸಹಿ ಹಾಕಿ ಮನೆಗೆ ಹೋದರು. ಹನುಮಮ್ಮ ಕೈಕಾಲು ತೊಳೆದು ಬಂದಳು. “ಮೇಡಮ್ರ, ಪತ್ರ ಜರಾ ತೋರಸ್ರಿ.”

ಅವಳಿಗೆ ಓದಲು ಬರುತ್ತಿದ್ದುದು ತನ್ನ ಹೆಸರೊಂದೇ. ಬೆರಳಿಟ್ಟು ಸಾಲು ಸಾಲು ಹುಡುಕಿದಳು. ಮುಖ ಅರಳಿತು.

“ಹಳೀದ್ರಾಗ ಒಂದ ಸಲ ಇತ್ರಿ. ಈಗ ಮೂರು ಸಲ ಬರದಾರ! ಸಾಹೇಬ್ರು ದೊಡ್ಡ ಮನುಷ್ಯಾರು.”

ದಾನೇಶ್ವರಿ ಲಕೋಟೆಗೆ ಅಂಟು ಹಚ್ಚಿದಳು. ಎಷ್ಟು ಹಚ್ಚಿದರೂ ಅವಳಿಗೆ ಸಾಲಲಿಲ್ಲ. “ನಾಳಿ ಕಳಸಿದ್ರಾತು ಬಿಡ್ರಿ ಅಕ್ಕಾ” ಎಂದಳು ಮೆಲ್ಲಗೆ.

“ನಾಳಿ ಎಳ್ಳ ಅಮಾಸ್ರಿ, ಎಲ್ಲಾ ಬಂದ್. ಕೊಡ್ರಿ, ನಾನ ಹಾಕಿ ಬರ್ತೀನಿ.”

ಹನುಮಮ್ಮ ಓಡಿದಳು. ಟಪಾಲಿನವನು ಡಬ್ಬಿ ಖಾಲಿ ಮಾಡಿ ಕೀಲಿ ತಿರುಗಿಸುತ್ತಿದ್ದ.

“ತಡೀಪಾ ತಮ್ಮ! ಹದಿನಾಲ್ಕು ತಿಂಗಳು ತಡ ಆಗ್ಯದ, ಇನ್ನೊಂದಿನ ಆಗಬಾರ್ದು.”

ಅವನು ಗೊಣಗುತ್ತ ಚೀಲದ ಬಾಯಿ ಬಿಚ್ಚಿ ಹಿಡಿದ. ಅವಳು ಲಕೋಟೆಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡು, ಮಡಿಕೆ ಬೀಳದ ಹಾಗೆ, ತನ್ನ ಕೈಯಾರೆ ಒಳಗೆ ಬಿಟ್ಟಳು.