ನನ್ನ ಫೋಟೋದ ಕೆಂಪು ಮೂಲೆ

ಫೋಟೋದಲ್ಲಿ ನನ್ನ ಹಿಂದೆ ಸೀರೆಯೊಂದಿದೆ ಎಂದು ಮೊದಲು ಹೇಳಿದವರು ಯಾರು ಎಂಬುದು ನನಗೆ ಖಚಿತವಿಲ್ಲ. ಪುಟ್ಟಸ್ವಾಮಣ್ಣ ಎಂದು ನನ್ನ ನೆನಪು. ನಾನೇ ಎಂದು ಅವರ ವಾದ. ನನ್ನ ನೆನಪನ್ನು ನಾನೂ ಅಷ್ಟಾಗಿ ನಂಬುವುದಿಲ್ಲ. ಬೀಗ ಹಾಕಿದೆನೋ ಇಲ್ಲವೋ ಎಂದು ಸಾಲಗಾಮೆ ರಸ್ತೆಯವರೆಗೆ ಹೋಗಿ ಹಿಂದಿರುಗುವ ಆಸಾಮಿ ನಾನು. ಬಂದು ನೋಡಿದರೆ ಹಾಕಿಯೇ ಇರುತ್ತದೆ. ತೆಗೆಯುವುದಕ್ಕೆ ಒಳಗೆ ಯಾರಿದ್ದಾರೆ? ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರದ ಎಮ್ಮೆಸ್ಸಿ ಓದಿ ನಾನು ಕಲಿತದ್ದು ಇಷ್ಟೇ: ಯಾವುದನ್ನೂ ಪರೀಕ್ಷಿಸದೆ ಒಪ್ಪಬಾರದು.

ಹಳೇಕೋಟೆಯ ಪುಟ್ಟಸ್ವಾಮಣ್ಣ ಹಾಸನದಲ್ಲಿ ಮದುವೆ ಕೇಂದ್ರವೊಂದನ್ನು ನಡೆಸುತ್ತಾರೆ. ಅದರ ವೆಬ್‌ಸೈಟ್ ನೋಡಿಕೊಳ್ಳುವುದು ನನ್ನ ಕೆಲಸ. ವರಗಳ ಪುಟ ತೆರೆಯುವವರು ಬೇಕಾದಷ್ಟು, 'ಫೋನ್ ಮಾಡಿ' ಎಂಬ ಗುಂಡಿ ಒತ್ತುವವರು ಮಾತ್ರ ಇಲ್ಲ. ಕಾರಣ ತಿಳಿಯಲು ಹೀಟ್‌ಮ್ಯಾಪ್ ಹಾಕಿದೆ. ಜನರ ಬೆರಳು ಪುಟದಲ್ಲಿ ಎಲ್ಲಿ ಹೆಚ್ಚು ಒತ್ತುತ್ತದೋ ಅಲ್ಲಿ ಕೆಂಪು ತೋರಿಸುತ್ತದೆ, ಯಾರೂ ಮುಟ್ಟದ ಕಡೆ ನೀಲಿ. ನಾನು ಅಷ್ಟು ಮುತುವರ್ಜಿಯಿಂದ ಬಣ್ಣ ಹಚ್ಚಿದ್ದ ಗುಂಡಿ ತಣ್ಣಗೆ ನೀಲಿಯಾಗಿತ್ತು. ವರನ ಮುಖವೂ ನೀಲಿ. ಅವನ ಹೆಗಲಾಚೆಯ ಗೋಡೆ, ನಲ್ಲಿ, ಅರ್ಧ ಕಾಣುವ ಟ್ರ್ಯಾಕ್ಟರ್ ಚಕ್ರ ಮಾತ್ರ ಕೆಂಡ! ಹೆಣ್ಣಿನ ಕಡೆಯವರು ಅವನ್ನು ದೊಡ್ಡದು ಮಾಡಿ ನೋಡಲು ಫೋಟೋವನ್ನು ಒತ್ತಿ ಒತ್ತಿ ಸೋತಿದ್ದರು.

"ಮನೆ ನೋಡಾಕ್ ಬಂದವ್ರೆ ಕಣ್ಲಾ ಎಮ್ಮೆಸ್ಸಿ," ಎಂದರು ಪುಟ್ಟಸ್ವಾಮಣ್ಣ. "ಉಡ್ಗನ ಮಕದಾಗೆ ಏನೈತೆ ನೋಡಾಕೆ? ಮೂಗಿದ್ರೆ ಸಾಕು."

ಗಂಡಿನ ಮನೆ ನೋಡದೆ ಮಾತು ಮುಂದುವರಿಸುವುದು ನಮ್ಮ ಕಡೆ ಇಲ್ಲವಷ್ಟೆ. ಪ್ರತಿ ಪುಟದಲ್ಲೂ ಮನೆಯ ದೊಡ್ಡ ಚಿತ್ರ ಹಾಕಿ, ಫೋನಿನ ಗುಂಡಿಯನ್ನು ಅದರ ಕೆಳಗೆ ತಂದೆ. ಗುಂಡಿ ಕೆಂಪಾಯಿತು. ಅರಕಲಗೂಡಿನ ಒಬ್ಬ ವರನ ಮನೆಗಂತೂ ಹೆಣ್ಣಿನ ಕಡೆಯವರು ಟೆಂಪೋ ಮಾಡಿಕೊಂಡೇ ಬಂದಿಳಿದರು.

ಆ ವೆಬ್‌ಸೈಟಿನಲ್ಲಿ ನನ್ನದೂ ಒಂದು ಪುಟವಿತ್ತು. ಪರೀಕ್ಷೆಗೆಂದು ಹಾಕಿದ್ದು ಎಂದು ಹೇಳಿಕೊಂಡಿದ್ದೆ. "ಪರೀಕ್ಷೆಗಾದ್ರೆ ಇಸ್ತ್ರಿ ಷರಟು ಯಾಕ್ಲಾ ಆಕಂಡಿದ್ದೀಯ?" ಎಂದು ಪುಟ್ಟಸ್ವಾಮಣ್ಣ ನಕ್ಕಿದ್ದರು. ನನ್ನ ಮುಖ ಅಪ್ಪಟ ನೀಲಿ. ಬಾಡಿಗೆ ಮನೆಯ ಮುಂದೆ ತೆಗೆಸಿದ ಆ ಫೋಟೋದಲ್ಲಿ ಕೆಂಪಾಗಿದ್ದದ್ದು ಒಂದು ಮೂಲೆ ಮಾತ್ರ. ಅಲ್ಲಿ ಬಟ್ಟೆ ಒಣಹಾಕುವ ಹಗ್ಗ, ಹಗ್ಗದ ಮೇಲೆ ಮೆರೂನ್ ಅಂಚಿನ ಬಟ್ಟೆ. "ಯಾರ್ದ್ಲಾ ಸೀರೆ?" ಎಂದರು ಪುಟ್ಟಸ್ವಾಮಣ್ಣ. ಮನೆ ಓನರ್ ಆಂಟಿಯದು ಎಂದುಬಿಟ್ಟೆ. ಪರೀಕ್ಷಿಸಲಿಲ್ಲ.

ಆ ವಾರವೇ ಚನ್ನರಾಯಪಟ್ಟಣದ ಟೀಚರ್ ಒಬ್ಬರ ಅಣ್ಣ ಫೋನ್ ಮಾಡಿದರು. ಅವರ ತಂಗಿಯ ಪುಟ ನನಗೆ ಚೆನ್ನಾಗಿ ಗೊತ್ತಿತ್ತು. ಹವ್ಯಾಸ ಎಂಬಲ್ಲಿ ಆಕೆ 'ಸುಮ್ಮನೆ ಕೂರುವುದು' ಎಂದು ಬರೆದಿದ್ದರು. ಆ ಹವ್ಯಾಸದಲ್ಲಿ ನನಗೂ ವರ್ಷಗಳ ಅನುಭವವಿದೆ. ಇಬ್ಬರು ಕೂತು ಮಾಡಿದರೆ ಹೇಗಿರುತ್ತದೋ ಎಂದು ಬಹಳ ಸಲ ಯೋಚಿಸಿದ್ದೆ.

"ಒಬ್ರೇ ಇರಾದು ಅಂತ ಬರ್ದಿದ್ದೀರಿ," ಎಂದರು ಅಣ್ಣ. "ಅಗ್ಗದ ಮ್ಯಾಲೆ ಸೀರೆ ಐತಲ್ಲ ಸಾ?"

"ಓನರ್ ಆಂಟೀದು."

"ಅವ್ರಿಗೇ ಒಸಿ ಫೋನ್ ಕೊಡಿ ಮತ್ತೆ."

ಫೋನ್ ಸ್ಪೀಕರಿಗೆ ಹಾಕಿ, ಲ್ಯಾಪ್‌ಟಾಪ್ ಎತ್ತಿಕೊಂಡು ಧೈರ್ಯವಾಗಿ ಮಹಡಿ ಹತ್ತಿದೆ. ಓನರ್ ಆಂಟಿ ಕನ್ನಡಕ ಹಾಕಿಕೊಂಡು ಫೋಟೋ ನೋಡಿದರು. "ನಂದಲ್ಲ ಕಣಪ್ಪ. ನಾವ್ ಒಣಗಾಕಾದು ಟೆರೇಸ್ ಮ್ಯಾಲೆ. ನಿನ್ ಅಗ್ಗದ ತಂಟೆ ನಮಗ್ಯಾಕೆ?"

"ಅಂಗಾರೆ ಯಾರ್ದು ಸಾ?" ಎಂದಿತು ಫೋನು.

"ಗೊತ್ತಿಲ್ಲ," ಎಂದೆ. ಸಂಖ್ಯಾಶಾಸ್ತ್ರದಲ್ಲಿ ಇದು ಬಹಳ ಮರ್ಯಾದಸ್ಥ ಉತ್ತರ.

"ನಿಮ್ಮನೆ ಅಗ್ಗ, ನಿಮಗೇ ಗೊತ್ತಿಲ್ವಾ? ಆಗ್ಲಿ ಬುಡಿ ಸಾ."

ಕೆಲವು ತಿಂಗಳಿಗೆ ಟೀಚರ್ ಪುಟದ ಮೇಲೆ 'ಮದುವೆ ನಿಶ್ಚಯವಾಗಿದೆ' ಎಂಬ ಪಟ್ಟಿ ಬಿತ್ತು. ವೆಬ್‌ಸೈಟಿನ ಉಸ್ತುವಾರಿ ನನ್ನದೇ ಆದ್ದರಿಂದ ಅದನ್ನು ಹಾಕಿದವನೂ ನಾನೇ. ಅಕ್ಷರ ದೊಡ್ಡದಾಗಿ, ಸ್ಪಷ್ಟವಾಗಿ ಕಾಣುವಂತೆ ಹಾಕಿದೆ. ನನ್ನ ಫೋಟೋದಿಂದ ಆ ಮೂಲೆಯನ್ನು ಕತ್ತರಿಸಿದೆ. ಈಗ ನನ್ನ ಪುಟ ಈ ತುದಿಯಿಂದ ಆ ತುದಿಯವರೆಗೆ ನೀಲಿ.

ಕಳೆದ ಭಾನುವಾರ ಒಗೆದ ಬಟ್ಟೆ ಮಡಿಸುತ್ತಿದ್ದಾಗ ಒಂದರ ಮೆರೂನ್ ಅಂಚು ಕಂಡು ಕೈ ನಿಂತಿತು. ಹಳೆಯ ಫೋಟೋ ತೆರೆದು ಪಕ್ಕದಲ್ಲಿ ಹಿಡಿದೆ. ಅಂಚಿನ ಹತ್ತಿರದ ಇಸ್ತ್ರಿ ಸುಟ್ಟ ಕಲೆಯೂ ಹೊಂದಿತು. ಆದರೂ ಅನುಮಾನ ಹೋಗದೆ, ಮೂಲೆಯಲ್ಲಿ ಹೊಲಿದಿದ್ದ ಚೀಟಿಯನ್ನೂ ಓದಿ ನೋಡಿದೆ. ಅದು ಸೀರೆಯಲ್ಲ, ನನ್ನ ಬೆಡ್‌ಶೀಟು, ಸಿಂಗಲ್ ಕಾಟಿನದು.