ಕರಡಿ ಸಾಹೇಬರ ಇಪ್ಪತ್ತೆಂಟನೇ ಬ್ಯಾಂಡು

ನಾಚಿಕೆಯಿಂದ ತಲೆ ತಗ್ಗಿಸಬೇಕಾದರೆ ಮನುಷ್ಯ ದೊಡ್ಡ ಅಪರಾಧವನ್ನೇ ಮಾಡಬೇಕೆಂದಿಲ್ಲ. ಒಂದು ಅಂಕಿಯನ್ನು ತಿದ್ದಿದರೂ ಸಾಕು. ಹಾಗೆ ತಿದ್ದಿದ ತಪ್ಪಿಗೆ ಮೂರು ದಿನ ಸ್ವಂತ ಮನೆಯಲ್ಲೇ ಕಳ್ಳನ ಹಾಗೆ ಗೋಡೆ ಸವರಿಕೊಂಡು ಓಡಾಡಿದ ಒಬ್ಬ ಸದ್ಗೃಹಸ್ಥರ ಕತೆ ಇದು.

ಅವರು ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವವರು. ಇಪ್ಪತ್ತೆರಡು ವರ್ಷದ ಸರ್ವೀಸು. ಅವರ ಕೆಂಪು ಪೆನ್ನಿನ ಕೆಳಗೆ ಹಾಯದೆ ಅಲ್ಲಿ ಒಂದು ಹಾಳೆಯೂ ಅಚ್ಚಿಗೆ ಹೋಗುವಂತಿರಲಿಲ್ಲ. ಅಚ್ಚುಮನೆಯವರು ಬೆನ್ನ ಹಿಂದೆ ಅವರನ್ನು ‘ಕರಡಿ’ ಎನ್ನುತ್ತಿದ್ದರು. ಒಮ್ಮೆ ಆ ಮಾತು ಕಿವಿಗೆ ಬಿದ್ದಾಗ ಸಾಹೇಬರು ಸಿಟ್ಟಾಗಲಿಲ್ಲ. “ಕೊನೇಲಿ ಗುಡಿಸು ಅಲ್ಲಪ್ಪ, ಕೊಂಬು ಬರಬೇಕು” ಎಂದು ತಿದ್ದಿ ಮುಂದೆ ಹೋದರು. (ಅವರಿಗೂ ಕರಡಿಗೂ ಇರುವುದು ಒಂದು ಕೊಂಬಿನ ವ್ಯತ್ಯಾಸ ಎಂದು ಅವರೇ ಒಪ್ಪಿಕೊಂಡಂತಾಗಿ, ಅವತ್ತಿನಿಂದ ಹೆಸರು ಕಾಯಂ ಆಯಿತು.) ಬಸ್ ಟಿಕೆಟ್ಟು, ಔಷಧಿ ಚೀಟಿ, ಹೆಂಡತಿ ಬರೆದ ಸಾಮಾನಿನ ಪಟ್ಟಿ, ಯಾವುದನ್ನೂ ಅವರು ಬಿಟ್ಟವರಲ್ಲ. ಮದುವೆ ಗೊತ್ತಾದಾಗ ಹೆಂಡತಿ ಬರೆದ ಮೊದಲ ಪತ್ರವನ್ನು ಏಳು ಕಡೆ ತಿದ್ದಿ ವಾಪಸು ಕಳಿಸಿದ್ದರಂತೆ. ಆದರೂ ಆಕೆ ಇವರನ್ನೇ ಮದುವೆಯಾದದ್ದು ಆಕೆಯ ದೊಡ್ಡ ಗುಣ.

ಆ ಹೆಂಡತಿ ಹನ್ನೆರಡು ವರ್ಷದಿಂದ ಒಂದು ಗ್ರಂಥಾಲಯದಲ್ಲಿ ಸಹಾಯಕಿ. ಪುಸ್ತಕ ಕೊಡುವುದು, ತೆಗೆದುಕೊಳ್ಳುವುದು, ಹರಿದದ್ದಕ್ಕೆ ಅಂಟು ಹಚ್ಚುವುದು. ಈಗ ಪಕ್ಕದ ಊರಿನ ದೊಡ್ಡ ಗ್ರಂಥಾಲಯದ ಮುಖ್ಯಸ್ಥೆಯ ಹುದ್ದೆಗೆ ಆಕೆಗೆ ಕರೆ ಬಂದಿತ್ತು. ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಫೋನಿನಲ್ಲಿ ಮುಖ ನೋಡಿಕೊಂಡು ಸಂದರ್ಶನ. ತಪ್ಪಿಸಿಕೊಂಡರೆ ಇನ್ನೊಂದು ಅವಕಾಶವಿಲ್ಲ ಎಂದು ಪತ್ರದಲ್ಲೇ ಬರೆದಿತ್ತು. ಕೆಲಸದ ಜಾಗದಿಂದ ಮಾತಾಡೋಣವೆಂದರೆ ಅದೇ ಹುದ್ದೆಗೆ ಅಲ್ಲಿನ ಇನ್ನಿಬ್ಬರು ಅರ್ಜಿ ಹಾಕಿ ಕಿವಿ ನೆಟ್ಟಗೆ ಮಾಡಿಕೊಂಡು ಕೂತಿದ್ದರು. ಹಾಗಾಗಿ ಮನೆಯಿಂದಲೇ ಆಗಬೇಕಿತ್ತು.

ಆದರೆ ಮನೆಯಲ್ಲಿ ಸಿಗ್ನಲ್ ಇಲ್ಲ. ಆಚೆ ಈಚೆ ಎರಡು ಎತ್ತರದ ಗೋದಾಮು, ನಡುವೆ ಸಿಕ್ಕಿಕೊಂಡ ಕಟ್ಟಡದ ಎರಡನೇ ಮಹಡಿ. ತಂತಿ ಎಳೆಸೋಣವೆಂದರೆ ಗೋದಾಮಿನವರು ತಮ್ಮ ಗೋಡೆ ಮುಟ್ಟಲು ಬಿಡುವುದಿಲ್ಲ. ಇಡೀ ಮನೆಯಲ್ಲಿ ಫೋನು ಕೆಲಸ ಮಾಡುವ ಜಾಗ ಒಂದೇ, ಬಚ್ಚಲು. ಬಕೆಟ್ಟನ್ನು ಬೋರಲು ಹಾಕಿ, ಅದರ ಮೇಲೆ ಹತ್ತಿ, ಗಾಳಿಕಿಂಡಿಗೆ ಫೋನು ಹಿಡಿದರೆ ಒಂದು ಕಡ್ಡಿ ಬರುತ್ತಿತ್ತು.

“ಬಕೆಟ್ ಮೇಲೆ ನಿಂತ್ಕೊಂಡು ಮುಖ್ಯಸ್ಥೆ ಆಗೋಕಾಗುತ್ತೇನ್ರೀ? ಹಿಂದೆ ಮಗ್ ಕಾಣುತ್ತೆ” ಎಂದಳು ಹೆಂಡತಿ.

“ನೀನು ಯಾಕೆ ತಲೆ ಕೆಡಿಸ್ಕೋತೀಯ? ನಾನಿಲ್ವಾ?” ಎಂದರು ಸಾಹೇಬರು. ಹನ್ನೆರಡು ವರ್ಷದಿಂದ ಆಕೆ ಕಾದ ಅವಕಾಶಕ್ಕೆ ಇಷ್ಟಾದರೂ ಮಾಡಬೇಕೆಂದು ಅವರಿಗೆ ನಿಜವಾಗಿಯೂ ಅನ್ನಿಸಿತ್ತು.

ದಾರಿಯೂ ಇತ್ತು. ಆ ವಾರ ಅವರ ಬೀದಿಗೆ ಒಂದು ಹೊಸ ಕಂಪನಿಯ ನೆಟ್‌ವರ್ಕ್ ಬರುವುದರಲ್ಲಿತ್ತು. ಇಪ್ಪತ್ತೆಂಟನೇ ಬ್ಯಾಂಡಂತೆ, ಗೋಡೆ ತೂರಿಕೊಂಡು ಒಳಗೆ ಬರುತ್ತದಂತೆ. ಆದರೆ ಫೋನಿಗೂ ಆ ಬ್ಯಾಂಡು ತಿಳಿಯಬೇಕು, ಇಲ್ಲವಾದರೆ ಮನೆ ಮುಂದೆ ಟವರಿದ್ದರೂ ಫೋನು ಕಿವುಡು. ಅವರ ಮನೆಯ ಎರಡೂ ಫೋನುಗಳು ಆ ವಿಷಯದಲ್ಲಿ ಶುದ್ಧ ಕಿವುಡು. ಹೊಸದನ್ನು ತರುವ ಮಹತ್ಕಾರ್ಯವನ್ನು ಸಾಹೇಬರು ಸೋಮವಾರ ಸಂಜೆ ಕೈಗೆತ್ತಿಕೊಂಡರು.

ಅಂಗಡಿಯಲ್ಲಿದ್ದ ಹುಡುಗಿ ಒಂದು ಪೆಟ್ಟಿಗೆ ಮುಂದಿಟ್ಟಳು. ಬೇರೆಯವರಾದರೆ ಫೋನು ನೋಡುತ್ತಿದ್ದರು, ಇವರು ಪೆಟ್ಟಿಗೆ ಓದಿದರು. ಕನ್ನಡಕ ಏರಿಸಿ, ಜೇಬಿನಿಂದ ಕೆಂಪು ಪೆನ್ನು ತೆಗೆದು, ಮೊದಲಿನಿಂದ ಶುರು ಮಾಡಿದರು. ಎರಡನೇ ಸಾಲಿನಲ್ಲೇ ಬೇಟೆ ಸಿಕ್ಕಿತು. ‘ಒದ್ದೆ ಕೈಯಿಂದ ಮುಟ್ಟಬೇಡಿ’ ಎಂದಿರಬೇಕಾದಲ್ಲಿ ‘ಒದ್ದ ಕೈಯಿಂದ ಮುಟ್ಟಬೇಡಿ’ ಎಂದಿತ್ತು. ಅದರ ಕೆಳಗೆ ‘ಮೃದುವಾದ ಹೊಟ್ಟೆಯಿಂದ ಒರೆಸಿ’ ಎಂದಿತ್ತು. ಅಂಗಡಿಗೆ ಬಂದಿದ್ದ ನಾಲ್ಕು ಜನ ಸುತ್ತ ನೆರೆದು ನಕ್ಕರು. ಸಾಹೇಬರಿಗೆ ಹುರುಪು ಬಂತು. ‘ದೂರವಿಡಿ’ಯ ಡಕಾರ ದಕಾರವಾದದ್ದನ್ನೂ ಹಿಡಿದುಹಾಕಿದರು.

ಆಮೇಲೆ ಬಂತು ಬ್ಯಾಂಡುಗಳ ಪಟ್ಟಿ. ಒಂದು, ಮೂರು, ಐದು, ಎಂಟು, ಮೂವತ್ತೆಂಟು, ನಲವತ್ತು, ನಲವತ್ತೊಂದು. ಇಪ್ಪತ್ತೆಂಟು ಎಲ್ಲಿ?

ನೀವೋ ನಾನೋ ಆಗಿದ್ದರೆ ‘ಇದರಲ್ಲಿ ಇಲ್ಲ, ಬೇರೆ ತೋರಿಸಿ’ ಎನ್ನುತ್ತಿದ್ದೆವು. ಇಪ್ಪತ್ತೆರಡು ವರ್ಷ ಕರಡು ತಿದ್ದಿದವರ ತಲೆ ಹಾಗೆ ಓಡುವುದಿಲ್ಲ. ಮೇಲಿನ ಮೂರು ಸಾಲಿನಲ್ಲಿ ಮೂರು ತಪ್ಪು ಮಾಡಿದವನು ನಾಲ್ಕನೆಯದನ್ನು ಬಿಟ್ಟಿರುತ್ತಾನೆಯೇ? ಸಾಹೇಬರು ಮೂವತ್ತೆಂಟರ ಮೂರನ್ನು ಹೊಡೆದು ಹಾಕಿ, ಅಂಚಿನಲ್ಲಿ ದುಂಡಗೆ ಎರಡು ಎಂದು ಬರೆದರು. ಪೆಟ್ಟಿಗೆಯ ಮೇಲೆ ಇಪ್ಪತ್ತೆಂಟನೇ ಬ್ಯಾಂಡು ಬಂದೇಬಿಟ್ಟಿತು.

“ಸರ್, ಬೇಕಿದ್ರೆ ಕಂಪನಿಗೆ ಫೋನ್ ಮಾಡಿ ಕೇಳ್ತೀನಿ. ಎರಡೇ ನಿಮಿಷ” ಎಂದಳು ಹುಡುಗಿ.

“ಬೇಡಮ್ಮ. ಇದು ನನ್ನ ಕಸುಬು” ಎಂದರು ಸಾಹೇಬರು.

ಮನೆಗೆ ಬಂದು ಹೊಸ ಸಿಮ್ಮು ತುರುಕಿದರು. ಪರದೆಯ ಮೇಲೆ ‘ಸೇವೆ ಇಲ್ಲ’ ಎಂದು ಬಂತು. ಕಾಗುಣಿತ ಸರಿಯಾಗಿತ್ತು. ಕಿಟಕಿ ಬಳಿ ಹಿಡಿದರು, ಬಾಗಿಲ ಬಳಿ ಹಿಡಿದರು, ಕೊನೆಗೆ ಬಕೆಟ್ಟನ್ನೂ ಹತ್ತಿದರು. ಸೇವೆ ಇಲ್ಲವೆಂದರೆ ಇಲ್ಲ.

“ಟವರ್ ಇನ್ನೂ ಚಾಲೂ ಆಗಿರಲ್ಲ. ನಾಳೆ ಬರುತ್ತೆ ನೋಡು” ಎಂದರು.

ಮಂಗಳವಾರ ಬೆಳಿಗ್ಗೆ ಕೆಳಗಿನ ಮನೆಯಿಂದ ದೊಡ್ಡ ದನಿ ಕೇಳಿಸಿತು. ಕೆಳಗಿರುವುದು ರಿಟೈರಾದ ನರ್ಸಮ್ಮ. ಆಕೆ ಮಲಗುವ ಕೋಣೆಯಲ್ಲಿ ಆರಾಮಾಗಿ ಕೂತು ಮಗಳೊಂದಿಗೆ ಹೊಸ ನೆಟ್‌ವರ್ಕಿನಲ್ಲಿ ಹರಟುತ್ತಿದ್ದಳು. ಅಳಿಯ ಕೊಡಿಸಿದ ಹಳೇ ಫೋನಿಗೆ ಇಪ್ಪತ್ತೆಂಟನೇ ಬ್ಯಾಂಡು ಬರುತ್ತಿತ್ತು.

“ರೀ, ಕೆಳಗೆ ಬರ್ತಿದೆಯಲ್ಲ?” ಎಂದಳು ಹೆಂಡತಿ.

“ಅದು... ಕೆಳಗಿನಿಂದ ಮೇಲಕ್ಕೆ ಬರುತ್ತೆ. ಮೊದಲು ನೆಲಮಹಡಿ, ಆಮೇಲೆ ಒಂದೊಂದೇ ಮಹಡಿ.”

“ನಲ್ಲಿ ನೀರಿನ ಥರವಾ?”

“ಹೆಚ್ಚುಕಮ್ಮಿ ಹಾಗೇ” ಎಂದು ಸಾಹೇಬರು ಕೆಲಸಕ್ಕೆ ಓಡಿದರು.

ಮುದ್ರಣಾಲಯದಲ್ಲಿ ಒಬ್ಬರೇ ಇದ್ದಾಗ, ಕಂಪ್ಯೂಟರಿನಲ್ಲಿ ಆ ಫೋನಿನ ಕಂಪನಿಯ ಪುಟ ತೆರೆದು ನೋಡಿದರು. ಮೂವತ್ತೆಂಟು ಎಂದೇ ಇತ್ತು. ಇಪ್ಪತ್ತೆಂಟು ಎಲ್ಲೂ ಇರಲಿಲ್ಲ. ಇಡೀ ಪೆಟ್ಟಿಗೆಯಲ್ಲಿ ಸರಿಯಾಗಿ ಅಚ್ಚಾಗಿದ್ದ ಸಾಲು ಅದೊಂದೇ, ಇವರು ಕೆಡಿಸಿದ್ದೂ ಅದನ್ನೇ. ಅವತ್ತು ಒಂದು ಕರಡೂ ಮುಂದೆ ಸಾಗಲಿಲ್ಲ. ಪೆನ್ನು ಎತ್ತಿದಾಗೆಲ್ಲ ಆ ದುಂಡಗಿನ ಎರಡು ಕಣ್ಣ ಮುಂದೆ ಬಂದು ನಿಲ್ಲುತ್ತಿತ್ತು. ಹೆಂಡತಿಗೆ ಹೇಳಿಬಿಡಬಹುದಿತ್ತು. ಆದರೆ ಹದಿನಾರು ವರ್ಷ ಆಕೆಯ ಪಟ್ಟಿಯಲ್ಲಿ ‘ಉಪ್ಪು’ ಎಂಬುದನ್ನೂ ಬಿಡದೆ ತಿದ್ದಿದ ಬಾಯಿಂದ ಈ ಮಾತು ಹೇಗೆ ಹೊರಡಬೇಕು?

ಬುಧವಾರ ಫೋನು ಬದಲಾಯಿಸಿಕೊಳ್ಳಲು ಅಂಗಡಿಗೆ ಹೋದರು. ಹೋಗುವ ಮುಂಚೆ ರಬ್ಬರಿನಿಂದ ಕೆಂಪು ಶಾಯಿಯನ್ನು ಉಜ್ಜಿದ್ದರು. ಶಾಯಿ ಹೋಗಿರಲಿಲ್ಲ, ಪೆಟ್ಟಿಗೆಯ ಹೊಳಪು ಮಾತ್ರ ಹೋಗಿ ಎಂಟರ ಹೊಟ್ಟೆಯಲ್ಲಿ ತೂತು ಬಿದ್ದಿತ್ತು.

ಹುಡುಗಿ ಪೆಟ್ಟಿಗೆಯನ್ನು ತಿರುಗಿಸಿ ನೋಡಿದಳು. ಆಕೆಗೆ ನೆನಪಿತ್ತು. “ಸರ್, ಪೆಟ್ಟಿಗೆ ಮೇಲೆ ಬರೆದಿದ್ರೆ ವಾಪಸ್ ತಗೊಳ್ಳಲ್ಲ ಸರ್.”

“ಬರೆದಿಲ್ಲಮ್ಮ, ತಿದ್ದಿದೀನಿ.”

ಆಕೆ ಒಳಗಿದ್ದ ಮ್ಯಾನೇಜರನ್ನು ಕೂಗಿದಳು. “ಸರ್, ಒಬ್ಬರು ಬ್ಯಾಂಡ್ ತಿದ್ದಿದಾರೆ. ಈಗ ಸಿಗ್ನಲ್ ಬರ್ತಿಲ್ವಂತೆ.”

ಅದನ್ನು ಆಕೆ ಗೇಲಿಗೆ ಹೇಳಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅದಕ್ಕೇ ಇನ್ನೂ ಹೆಚ್ಚು ಚುಚ್ಚಿತು. ಇಡೀ ಅಂಗಡಿ ತಿರುಗಿ ನೋಡಿತು. ನೆಲ ಬಾಯಿಬಿಟ್ಟರೆ ಒಳಗೆ ಇಳಿದುಬಿಡೋಣವೆನ್ನಿಸಿತು ಸಾಹೇಬರಿಗೆ. ಮ್ಯಾನೇಜರು ಹೊರಗೆ ಬರುವುದರೊಳಗೆ ಅವರು ಪೆಟ್ಟಿಗೆಯನ್ನು ಬಗಲಿಗೆ ಸೇರಿಸಿಕೊಂಡು ಬೀದಿ ಮುಟ್ಟಿದ್ದರು.

ಗುರುವಾರ ಬೆಳಿಗ್ಗೆ, ಅಷ್ಟರೊಳಗೆ ಸಿಗ್ನಲ್ ಮೇಲಕ್ಕೆ ಬಂದೇ ಬರುತ್ತದೆಂದು ಗಂಡನ ಮಾತು ನಂಬಿ, ಹೆಂಡತಿ ಒಂಬತ್ತಕ್ಕೇ ಸಿದ್ಧಳಾಗಿದ್ದಳು. ಮೇಜು ಎಳೆದು, ಹಿಂದೆ ಪುಸ್ತಕದ ಕಪಾಟು ಬರುವ ಹಾಗೆ ಕುರ್ಚಿ ಹಾಕಿಕೊಂಡು, ಉತ್ತರಗಳನ್ನು ಬಾಯಲ್ಲೇ ಹೇಳಿಕೊಳ್ಳುತ್ತಿದ್ದಳು. ಒಂದೇ ಉತ್ತರವನ್ನು ಆಕೆ ನಾಲ್ಕನೇ ಸಲ ಹೇಳಿಕೊಳ್ಳುತ್ತಿದ್ದುದನ್ನು ಸಾಹೇಬರು ಕೇಳಿಸಿಕೊಂಡರು. ಹತ್ತೂಕಾಲಿಗೆ ಇನ್ನು ತಡೆಯಲಾಗಲಿಲ್ಲ. ಪೆಟ್ಟಿಗೆ ತಂದು ಮೇಜಿನ ಮೇಲಿಟ್ಟರು.

“ನೋಡು, ಟವರ್ ಸರಿಯಾಗಿದೆ. ಫೋನೂ ಸರಿಯಾಗಿದೆ. ನಾನೇ ಸರಿಯಿಲ್ಲ” ಎಂದರು.

ಆಕೆ ಪೆಟ್ಟಿಗೆ ಎತ್ತಿ ನೋಡಿದಳು. ಒದ್ದ ಕೈ ನೋಡಿದಳು, ಮೃದುವಾದ ಹೊಟ್ಟೆ ನೋಡಿದಳು, ಆಮೇಲೆ ತೂತು ಬಿದ್ದ ಎಂಟು, ಅಂಚಿನಲ್ಲಿನ ಎರಡು.

“ಇದು ನಿಮ್ಮ ಅಕ್ಷರ.”

“ಹೌದು.”

“ಫೋನಲ್ಲಿ ಇಲ್ಲದ್ದನ್ನ ಪೆಟ್ಟಿಗೆ ಮೇಲೆ ಬರೆದ್ರಾ?”

“ಅಚ್ಚಿನ ತಪ್ಪು ಅಂದ್ಕೊಂಡೆ.”

“ಸೋಮವಾರದಿಂದ ಗೊತ್ತಿತ್ತಾ?”

“ಮಂಗಳವಾರದಿಂದ” ಎಂದು ಸಾಹೇಬರು ತಿದ್ದಿದರು. ತಿದ್ದಿದ ಮೇಲೆ ನಾಲಿಗೆ ಕಚ್ಚಿಕೊಂಡರು.

ಆಕೆ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಕಾಗದಗಳನ್ನು ಎತ್ತಿಕೊಂಡು, ಮೆಟ್ಟಿಲಿಳಿದು ಹೋಗಿ ನರ್ಸಮ್ಮನ ಬಾಗಿಲು ತಟ್ಟಿದಳು. ಸಾಹೇಬರೂ ಬಾಲದ ಹಾಗೆ ಹಿಂದೆ ಹೋದರು. ನಮ್ಮ ಫೋನಿಗೆ ಬ್ಯಾಂಡು ಸಿಗಲಿಲ್ಲ, ಸ್ವಲ್ಪ ಹೊತ್ತು ನಿಮ್ಮದು ಬೇಕು ಎಂದಳು ಹೆಂಡತಿ.

“ಬ್ಯಾಂಡ್ ಸಿಗಲಿಲ್ವಾ? ಗಾಯಕ್ಕೆ ಹಾಕೋದಾದ್ರೆ ನನ್ನ ಹತ್ರ ಡಬ್ಬಿಗಟ್ಟಲೆ ಇತ್ತು” ಎಂದಳು ನರ್ಸಮ್ಮ. ವಿಷಯ ತಿಳಿದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕು, ಆದರೂ ಲಗುಬಗೆಯಿಂದ ಹಾಸಿಗೆ ಸರಿಮಾಡಿ, ಔಷಧಿ ಬಾಟಲಿಗಳಿಗೆ ತನ್ನ ಫೋನು ಒರಗಿಸಿ, ಹೆಂಡತಿಯನ್ನು ಕೂರಿಸಿದಳು. ಹೆಂಡತಿ ಸಂದರ್ಶನದವರಿಗೆ ಆ ಫೋನಿನ ನಂಬರು ತಿಳಿಸಿದಳು. ಬೆಳಕು ಕಣ್ಣಿಗೆ ಹೊಡೆಯದಂತೆ ಕಿಟಕಿಯ ಪರದೆ ಹಿಡಿದು ನಿಲ್ಲುವ ಕೆಲಸ ಸಾಹೇಬರಿಗೆ ಬಂತು. ಹನ್ನೊಂದಕ್ಕೆ ಸರಿಯಾಗಿ ಫೋನಿನಲ್ಲಿ ಮೂರು ಮುಖ ಮೂಡಿದವು. ಒಂದು ಕಡ್ಡಿಯೂ ಕಮ್ಮಿ ಇರಲಿಲ್ಲ.

ಹೆಂಡತಿ ಚೆನ್ನಾಗಿಯೇ ಮಾತಾಡಿದಳು. ಅರ್ಧ ಗಂಟೆಯ ಮೇಲೆ, ನಡುವೆ ಕೂತಿದ್ದ ಅಧ್ಯಕ್ಷರು ಕನ್ನಡಕ ತೆಗೆದು ಕೇಳಿದರು. “ಕೊನೇ ಪ್ರಶ್ನೆ ಅಮ್ಮ. ಕೆಲವರು ಓದೋಕೆ ಬಂದು, ಪುಸ್ತಕದಲ್ಲೇ ಪೆನ್ನಲ್ಲಿ ತಪ್ಪು ತಿದ್ದಿ ಹೋಗ್ತಾರೆ. ಸರಿ ಇರೋದನ್ನೂ ತಿದ್ತಾರೆ. ಅಂಥವರನ್ನ ಏನು ಮಾಡ್ತೀರಿ?”

ಸಾಹೇಬರ ಕೈಯಿಂದ ಕಿಟಕಿಯ ಪರದೆ ಅರ್ಧ ಜಾರಿ ಕೋಣೆಯೊಳಗೆ ಬಿಸಿಲು ಬಂತು.

ಹೆಂಡತಿ ಕಿಟಕಿಯ ಕಡೆ ತಿರುಗದೆ ಕಾಗದಗಳನ್ನು ಪಕ್ಕಕ್ಕಿಟ್ಟಳು. “ಸರ್, ಅಂಥವರನ್ನ ಹೊರಗೆ ಹಾಕೋಕಾಗಲ್ಲ. ಅಷ್ಟು ಗಮನ ಕೊಟ್ಟು ಓದೋರು ಬೇರೆ ಯಾರೂ ಇರಲ್ಲ. ಪೆನ್ನು ಬಾಗಿಲಲ್ಲಿ ಇಸ್ಕೊಂಡು ಒಳಗೆ ಬಿಡಬೇಕು. ನಾನು ಹದಿನಾರು ವರ್ಷದಿಂದ ಒಬ್ಬರನ್ನ ಮನೇಲೇ ಇಟ್ಕೊಂಡಿದೀನಿ. ಪೆನ್ನು ಇಸ್ಕೊಳ್ಳೋದೊಂದು ಮರೆತಿದ್ದೆ” ಎಂದಳು. ಹಾಗೆಂದು, ತಾನು ಕೆಳಗಿನ ಮನೆಯಲ್ಲಿ ಕೂತಿರುವುದು ಯಾಕೆಂದು ಮೂವತ್ತೆಂಟರ ಕತೆಯನ್ನೂ ಹೇಳಿಬಿಟ್ಟಳು.

ಫೋನಿನಲ್ಲಿದ್ದ ಮೂವರೂ ಬಿದ್ದು ಬಿದ್ದು ನಕ್ಕರು. ನರ್ಸಮ್ಮ ಬಾಗಿಲಲ್ಲಿ ನಿಂತು ಎರಡನೇ ಸಲ ನಕ್ಕಳು.

“ಎಲ್ಲಿದಾರೆ ಅವರು? ಕರೀರಿ, ನೋಡೋಣ.”

ಸಾಹೇಬರು ಪರದೆ ಬಿಟ್ಟು ಬಂದು ಫೋನಿನ ಮುಂದೆ ಬಗ್ಗಿದರು. ಮುಖದಲ್ಲಿ ರಕ್ತವೆಲ್ಲ ಬಂದು ನಿಂತಿತ್ತು.

“ನಾವು ಎಷ್ಟು ಜನ ಕಾಣ್ತಿದೀವಿ?” ಎಂದರು ಅಧ್ಯಕ್ಷರು.

“ಮೂರು ಸರ್.”

“ಸರಿಯಾಗಿ ನೋಡಿ. ಎರಡಿರಬಹುದು.”

“ಮೂರೇ ಸರ್. ತಿದ್ದಲ್ಲ.”

ಇನ್ನೊಂದು ಸುತ್ತು ನಗು. ಅಷ್ಟರಲ್ಲಿ ಸಾಹೇಬರ ಕಣ್ಣು ಅಧ್ಯಕ್ಷರ ತಲೆಯ ಹಿಂದಿನ ಗೋಡೆಗೆ ಹೋಯಿತು. ಅಲ್ಲಿ ಮೂರಡಿ ಉದ್ದದ ಫಲಕವಿತ್ತು, ಹೊಳೆಯುವ ಅಕ್ಷರದಲ್ಲಿ ‘ಕೇಂದ್ರ ಗೃಂಥಾಲಯ’ ಎಂದಿತ್ತು. ಗಕ್ಕೆ ರಕಾರದ ಒತ್ತಿನ ಬದಲು ಋಕಾರ. ಅವರ ಕೈ ತಾನಾಗಿಯೇ ಜೇಬಿನ ಕೆಂಪು ಪೆನ್ನಿಗೆ ಹೋಯಿತು.

“ಏನಾದ್ರೂ ಹೇಳೋದಿದೆಯಾ?” ಎಂದರು ಅಧ್ಯಕ್ಷರು.

ಕೆಳಗಿನಿಂದ ಹೆಂಡತಿಯ ಕೈ ಬಂದು ಅವರ ಅಂಗಿಯ ತುದಿಯನ್ನು ಬಿಗಿಯಾಗಿ ಹಿಡಿಯಿತು.

“ಏನಿಲ್ಲ ಸರ್” ಎಂದರು ಸಾಹೇಬರು. ಬದುಕಿನಲ್ಲಿ ಮೊದಲ ಬಾರಿಗೆ ಒಂದು ತಪ್ಪನ್ನು ಕಣ್ಣಾರೆ ಕಂಡೂ ನುಂಗಿಕೊಂಡರು. ಇಷ್ಟು ಮಾನ ಹೋದ ಮೇಲೆ ಅವರಿಗೆ ಬಾಯಿ ಎಲ್ಲಿತ್ತು?

ಮೂವರೂ ತಲೆ ಸೇರಿಸಿ ಏನೋ ಮಾತಾಡಿಕೊಂಡರು. “ಅಮ್ಮ, ಒಂದನೇ ತಾರೀಖು ಬಂದು ಸೇರ್ಕೊಳ್ಳಿ. ಪತ್ರ ಕಳಿಸ್ತೀವಿ” ಎಂದರು ಅಧ್ಯಕ್ಷರು.

ಫೋನು ಆರಿತು. ನರ್ಸಮ್ಮ ಬಂದು ಹೆಂಡತಿಯನ್ನು ತಬ್ಬಿಕೊಂಡಳು. ಸಾಹೇಬರು ಏನು ಹೇಳಬೇಕೆಂದು ತಿಳಿಯದೆ ಔಷಧಿ ಬಾಟಲಿಗಳನ್ನು ಸಾಲಾಗಿ ಇಡತೊಡಗಿದರು. ಮೇಲೆ ಹೋಗುವಾಗ ಮೆಟ್ಟಿಲಲ್ಲಿ ಹೆಂಡತಿ ನಿಂತಳು.

“ರೀ, ಹಿಂದೆ ಗೋಡೆ ಮೇಲಿನ ಬೋರ್ಡ್ ನೋಡಿದ್ರಾ?”

“ಯಾವ ಬೋರ್ಡು?” ಎಂದರು ಸಾಹೇಬರು, ನೆಲ ನೋಡುತ್ತ.

“ಗ್ರಂಥಾಲಯಕ್ಕೆ ‘ಗೃ’ ಹಾಕಿದಾರೆ. ಅರ್ಧ ಗಂಟೆಯಿಂದ ಅದನ್ನ ನೋಡ್ಕೊಂಡು ಉತ್ತರ ಹೇಳೋದೇ ಕಷ್ಟ ಆಗಿತ್ತು. ಒಂದನೇ ತಾರೀಖು ಹೋದ ತಕ್ಷಣ ಸರಿ ಮಾಡಿಸ್ತೀನಿ.”

ಮೂರು ದಿನದಲ್ಲಿ ಮೊದಲ ಬಾರಿಗೆ ಸಾಹೇಬರ ತಲೆ ಮೇಲೆದ್ದಿತು. “ನಾನೂ ಬರ್ಲಾ?” ಎಂದರು ಆಸೆಯಿಂದ.

“ನೀವು ಬರಬೇಡಿ” ಎಂದು ಹೆಂಡತಿ ಮೆಟ್ಟಿಲು ಹತ್ತಿದಳು.